10×12 ಬೆಡ್‌ರೂಮಿಗೆ ಟಿವಿಯೋ ಪ್ರೊಜೆಕ್ಟರೋ? ಫ್ಯಾನು, ಸೊಳ್ಳೆ ಪರದೆ, ಬಿಸಿಲು ಎಲ್ಲಾ ಲೆಕ್ಕ ಹಾಕಿ ಹೇಳಿ

ನಿಟುವಳ್ಳಿ ಮೇಲ್ಮಹಡಿ
ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಮೇಲ್ಮಹಡಿ ಬೆಡ್‌ರೂಮು. ವಿವರ ಪೂರ್ತಿ ಕೊಡ್ತೀನಿ, ಅಂದಾಜಿನ ಉತ್ತರ ಬೇಡ. ಕೋಣೆ 10×12 ಅಡಿ, ಆರ್‌ಸಿಸಿ ಸೂರು 10 ಅಡಿ ಎತ್ತರ, ನಡುವೆ 1200 ಎಂಎಂ ಸೀಲಿಂಗ್ ಫ್ಯಾನು. ಮಂಚದ ತಲೆ 10 ಅಡಿ ಗೋಡೆಗೆ ಒರಗಿದೆ. ಎದುರಿನ ಗೋಡೆ ಪೂರ್ತಿ ಖಾಲಿ, ತಿಳಿ ಕೆನೆ ಬಣ್ಣ. ಪಕ್ಕದಲ್ಲಿ ಪಶ್ಚಿಮಕ್ಕೆ ಕಿಟಕಿ, ಅದರ ಮೇಲೆ ವೆಂಟಿಲೇಟರು. ಎಸಿ ಇಲ್ಲ. ರಾತ್ರಿ ಸೊಳ್ಳೆ ಪರದೆ ಕಟ್ಟಲೇಬೇಕು.

ನೋಡೋದು ರಾತ್ರಿ 9ರ ಮೇಲೆ ಸಿನಿಮಾ, ವೆಬ್ ಸೀರೀಸು. ಭಾನುವಾರ ಮಧ್ಯಾಹ್ನ ಕ್ರಿಕೆಟ್ಟು. ಅತ್ತೆಯವರು ಬಂದಾಗ ಕೇಬಲ್‌ನಲ್ಲಿ ಧಾರಾವಾಹಿ. ಬಜೆಟ್ 35 ಸಾವಿರ. 43 ಇಂಚಿನ ಟಿವಿ ತಗೊಂಡು ಉಳಿದ ದುಡ್ಡು ಉಳಿಸೋದಾ, ಇಲ್ಲಾ ಪ್ರೊಜೆಕ್ಟರ್ ತಗೊಂಡು ಗೋಡೆ ತುಂಬ ನೋಡೋದಾ?

ಹದಡಿ ರಸ್ತೆ
ಟಿವಿ. ಪಶ್ಚಿಮದ ಕಿಟಕಿ, ಭಾನುವಾರ ಮಧ್ಯಾಹ್ನದ ಮ್ಯಾಚು. ಈ ಎರಡು ಮಾತಲ್ಲೇ ತೀರ್ಮಾನ ಆಯ್ತು.

ಪರದೆ ಪ್ರಿಯ
ಅಷ್ಟು ಬೇಗ ಮುಗಿಸಬೇಡಿ ಸಾರ್. ದಿಂಬಿಗೆ ಒರಗಿ ಕೂತಾಗ ಕಣ್ಣಿಂದ ಎದುರು ಗೋಡೆಗೆ ಸುಮಾರು 10 ಅಡಿ. ಆ ದೂರದಲ್ಲಿ 43 ಇಂಚಿನ ಟಿವಿ ಕಣ್ಣಿಗೆ ತುಂಬೋದು ಅಡ್ಡಲಾಗಿ ಬರೀ 18 ಡಿಗ್ರಿ ಕೋನ. 55 ಇಂಚು ಹಾಕಿದರೂ 22–23 ಡಿಗ್ರಿ. ಸಿನಿಮಾ ನೋಡೋಕೆ 30 ಡಿಗ್ರಿ ಆದರೂ ಇರಲಿ ಅಂತ ಲೆಕ್ಕ. ಅದು ಸಿಗಬೇಕಾದರೆ ಆ ದೂರಕ್ಕೆ 75 ಇಂಚು ಬೇಕು. 35 ಸಾವಿರಕ್ಕೆ 75 ಇಂಚಿನ ಟಿವಿ ಎಲ್ಲಿ ಬರುತ್ತೆ? ಪ್ರೊಜೆಕ್ಟರಲ್ಲಿ 80 ಇಂಚು ಸುಲಭ, 32 ಡಿಗ್ರಿ ತುಂಬುತ್ತೆ. ರಾತ್ರಿ ನೋಡೋರಿಗೆ ಪ್ರೊಜೆಕ್ಟರೇ ಸರಿ.

ಥ್ರೋ ಲೆಕ್ಕ
80 ಇಂಚು ಸುಲಭ ಅಂದಿರಿ. ಎಲ್ಲಿಂದ ಬಿಡ್ತೀರಿ ಅದನ್ನ?

ಲೆಕ್ಕ ಹಿಂಗೆ: ಥ್ರೋ ರೇಶಿಯೊ ಅಂದ್ರೆ ಲೆನ್ಸಿಂದ ಗೋಡೆಗಿರೋ ದೂರವನ್ನ ಚಿತ್ರದ ಅಗಲದಿಂದ ಭಾಗಿಸಿದ್ದು. ಈ ಬಜೆಟ್ಟಿನ ಎಲ್ಇಡಿ ಪ್ರೊಜೆಕ್ಟರುಗಳಲ್ಲಿ ಅದು 1.2ರಿಂದ 1.4, ಲೆನ್ಸಲ್ಲಿ ಜೂಮ್ ಇರೋದಿಲ್ಲ. 16:9 ಚಿತ್ರದ ಅಗಲ ಅಂದ್ರೆ ಇಂಚಿನ ಅಳತೆ ಗುಣಿಸು 0.87. ತಲೆದಿಂಬಿನ ಮೇಲೆ ಒಂದು ಶೆಲ್ಫ್ ಹೊಡೆದು ಇಟ್ಟರೆ ಲೆನ್ಸು ಗೋಡೆಯಿಂದ 11 ಅಡಿ, ಅಂದ್ರೆ 132 ಇಂಚು. 1.2ರಿಂದ ಭಾಗಿಸಿ, ಚಿತ್ರದ ಅಗಲ 110 ಇಂಚು. ಅದು 126 ಇಂಚಿನ ಪರದೆ! ಗೋಡೆಯ ಅಗಲವೇ 120 ಇಂಚು. ಅಷ್ಟು ದೊಡ್ಡದಕ್ಕೆ ಹರಡಿದಾಗ 400 ಎಎನ್‌ಎಸ್‌ಐ ಲುಮೆನ್ಸಿನ (ಮಾನಕ ವಿಧಾನದಲ್ಲಿ ಅಳೆದ ಬೆಳಕು) ಮಿಷನ್ ಕೊಡೋದು 29 ನಿಟ್ಸ್ (ಕಣ್ಣಿಗೆ ಕಾಣೋ ಹೊಳಪಿನ ಅಳತೆ). ಸಿನಿಮಾ ಥಿಯೇಟರಿನ ಮಟ್ಟ 48. ಮಂಕಾಗಿ ಕಾಣುತ್ತೆ.

ಮೆನುವಿನಲ್ಲಿ ಜೂಮ್ ಇದೆಯಲ್ಲ, ಚಿಕ್ಕದು ಮಾಡಿಕೊಳ್ತೀನಿ ಅನ್ನಬೇಡಿ. ಅದು ಡಿಜಿಟಲ್ ಜೂಮ್. 126ರಿಂದ 80ಕ್ಕೆ ಇಳಿಸಿದರೆ ಪಿಕ್ಸೆಲ್ಲಲ್ಲಿ ಶೇ 40 ಮಾತ್ರ ಉಳೀತವೆ, 1920 ಅಗಲದ ಚಿತ್ರ ಸುಮಾರು 1220 ಆಗುತ್ತೆ. ಸುತ್ತಲಿನ ಕಪ್ಪು ಪಟ್ಟಿಗೆ ಹೋದ ಬೆಳಕೂ ದಂಡ. ಚಿತ್ರ ಚಿಕ್ಕದಾಯ್ತು, ಆದರೆ ಒಂದು ಚೂರೂ ಬೆಳಗಲಿಲ್ಲ.

ಪರದೆ ಪ್ರಿಯ
ಸರಿ, ಶೆಲ್ಫ್ ಬೇಡ. ಸೂರಿಗೆ ತೂಗುಹಾಕಿ. 100 ಇಂಚಿಗೆ ಅಗಲ 87 ಇಂಚು, 1.2ರಿಂದ ಗುಣಿಸಿದರೆ ಗೋಡೆಯಿಂದ 8 ಅಡಿ 9 ಇಂಚು. 500 ಎಎನ್‌ಎಸ್‌ಐ ಇದ್ದರೆ 57–58 ನಿಟ್ಸ್ ಬರುತ್ತೆ. ಥಿಯೇಟರಿಗಿಂತ ಮೇಲೇ ಆಯ್ತಲ್ಲ.

ವೈರಿಂಗ್ ಕೆಲಸ
ಸೂರಿಗೆ ತೂಗುಹಾಕಿ ಅಂತ ಹೇಳೋರು ಫ್ಯಾನು ಮರೀತಾರೆ. ಫ್ಯಾನು ಎದುರು ಗೋಡೆಯಿಂದ 6 ಅಡಿಗೆ. 1200 ಎಂಎಂ ಅಂದ್ರೆ ರೆಕ್ಕೆ ಆ ಕಡೆ ಈ ಕಡೆ 2 ಅಡಿ, ಅಂದ್ರೆ 4ರಿಂದ 8 ಅಡಿವರೆಗಿನ ಜಾಗ ಅದರದು. ಪ್ರೊಜೆಕ್ಟರ್ 8 ಅಡಿ 9 ಇಂಚಿಗೆ ಬಂದ್ರೆ ಕಿರಣ ಪೂರ್ತಿ ಫ್ಯಾನಿನ ಕೆಳಗೇ ಹಾದುಹೋಗಬೇಕು. ಒಂದಡಿ ರಾಡಿನ ಫ್ಯಾನಿನ ರೆಕ್ಕೆ ನೆಲದಿಂದ 8 ಅಡಿ 9–10 ಇಂಚಿಗೆ ಇರುತ್ತೆ. ತಲೆಕೆಳಗಾಗಿ ತೂಗಿದ ಪ್ರೊಜೆಕ್ಟರಿನ ಚಿತ್ರದ ಮೇಲಂಚು ಹೆಚ್ಚುಕಡಿಮೆ ಲೆನ್ಸಿನ ಮಟ್ಟದಲ್ಲೇ ಬೀಳುತ್ತೆ. ಸೂರಿಗೆ ಅಂಟಿಸಿ ಕೂರಿಸಿದರೆ ಲೆನ್ಸು 9 ಅಡಿ ದಾಟುತ್ತೆ, ಕಿರಣ ನೇರ ರೆಕ್ಕೆಗೇ ಹೊಡೆಯುತ್ತೆ. ಚಿತ್ರದ ಮೇಲಿನ ಭಾಗ ಪೂರ್ತಿ ಪಟಪಟ ಅಂತ ಮಿಣುಕುತ್ತೆ, ಹತ್ತು ನಿಮಿಷಕ್ಕೆ ತಲೆನೋವು ಗ್ಯಾರಂಟಿ.

ಮಾಡೋದಾದ್ರೆ ಪೈಪ್ ರಾಡ್ ಹಾಕಿ ಲೆನ್ಸನ್ನ 8 ಅಡಿ 3 ಇಂಚಿಗೆ ಇಳಿಸಿ. ಚಿತ್ರದ ಮೇಲಂಚು 8 ಅಡಿ ಚಿಲ್ಲರೆ, ಕೆಳಂಚು 4 ಅಡಿ ಚಿಲ್ಲರೆಗೆ ಬರುತ್ತೆ. ಒರಗಿ ನೋಡೋರಿಗೆ ಆ ಎತ್ತರ ಚೆನ್ನಾಗೇ ಐತೆ, ಕತ್ತು 12 ಡಿಗ್ರಿ ಮೇಲೆ ಇರುತ್ತೆ. ಆದರೆ ಮಂಚದ ನೇರ ಮೇಲೆ ತೂಗೋದು. ಫಾಸ್ನರ್ ಹಾಕದೆ ಬರೀ ಪ್ಲಾಸ್ಟಿಕ್ ರಾಲ್ ಪ್ಲಗ್ಗಿಗೆ ನೇತುಹಾಕಬೇಡಿ. ಸೂರಿಗೆ 6 ಅಥವಾ 8 ಎಂಎಂ ಆಂಕರ್ ಬೋಲ್ಟೇ ಹಾಕಿ. ಜೊತೆಗೆ ಒಂದು ಸ್ಟೀಲ್ ತಂತಿ ಬೇರೆ ಹುಕ್ಕಿಗೆ ಕಟ್ಟಿ.

ಕೋಟೆ ಬೀದಿ
ಫ್ಯಾನು ತೆಗೆಸಿ ಗೋಡೆ ಫ್ಯಾನು ಹಾಕಿದರಾಯ್ತಲ್ಲ.

ವೈರಿಂಗ್ ಕೆಲಸ
ಏಪ್ರಿಲ್ ತಿಂಗಳಲ್ಲಿ ದಾವಣಗೆರೆ ಮೇಲ್ಮಹಡೀಲಿ ಎಸಿ ಇಲ್ಲದೆ ಸೀಲಿಂಗ್ ಫ್ಯಾನು ತೆಗೆಸಿ ಅಂತೀರಾ? ಮನೆಯೋರು ಪ್ರೊಜೆಕ್ಟರನ್ನೇ ತೆಗೆಸ್ತಾರೆ.

ಬೆಳಕಿನ ಮೀಟರು
ನಿಟ್ಸ್ ಲೆಕ್ಕ ರಾತ್ರಿಗೆ ಸರಿ. ಮಧ್ಯಾಹ್ನಕ್ಕೆ ಬನ್ನಿ. ಕಿಟಕಿಗೆ ಸಾಮಾನ್ಯ ಪರದೆ ಎಳೆದ ಪಶ್ಚಿಮದ ಕೋಣೆಯ ಗೋಡೆ ಮೇಲೆ ಸಂಜೆ 4ಕ್ಕೆ 100 ಲಕ್ಸ್ ಬೆಳಕು ಬೀಳೋದು ದೊಡ್ಡ ವಿಷಯ ಅಲ್ಲ. ಬಿಳಿ ಗೋಡೆ ಅದರಲ್ಲಿ ಹೆಚ್ಚುಕಡಿಮೆ 32 ನಿಟ್ಸ್ ವಾಪಸ್ ಕೊಡುತ್ತೆ. ಅಂದ್ರೆ ನಿಮ್ಮ ಚಿತ್ರದ ಕಪ್ಪು 32 ನಿಟ್ಸ್, ಬಿಳಿ 58 ಕೂಡಿಸು 32, ಅಂದ್ರೆ 90. ಬಿಳಿ ಕಪ್ಪಿನ ಮೂರು ಪಟ್ಟು ಕೂಡ ಇಲ್ಲ. ಚೆಂಡು ಎಲ್ಲಿ ಹೋಯ್ತು ಗೊತ್ತಾಗಲ್ಲ, ಸ್ಕೋರಿನ ಅಕ್ಷರ ಅಷ್ಟೇ ಕಾಣುತ್ತೆ.

ಅದೇ ಬೆಳಕಲ್ಲಿ ಸಾಧಾರಣ ಟಿವಿ ಗಾಜು ವಾಪಸ್ ಕೊಡೋದು ಒಂದೆರಡು ನಿಟ್ಸ್, ತನ್ನದೇ ಬೆಳಕು 250–300. ಪ್ರೊಜೆಕ್ಟರಿಗೆ ಕಪ್ಪು ಬಿಡೋಕೆ ಬರೋದಿಲ್ಲ, ಕೋಣೆಯ ಕತ್ತಲೆಯೇ ಅದರ ಕಪ್ಪು. ಲುಮೆನ್ಸ್ ಬಗ್ಗೆ ಜಗಳ ಆಡೋಕೆ ಮುಂಚೆ ಕೋಣೆ ಎಷ್ಟು ಕತ್ತಲಾಗುತ್ತೆ ಅಂತ ನೋಡಿ.

ಪಿಜೆ ಬಡಾವಣೆ
ಆನ್‌ಲೈನಲ್ಲಿ 9000 ಲುಮೆನ್ಸ್, 4ಕೆ, 9 ಸಾವಿರಕ್ಕೆ ಸಿಗ್ತಿದೆ. ಅದು ತಗೊಂಡರೆ ಹಗಲಲ್ಲೂ ಕಾಣಲ್ವಾ?

ಥ್ರೋ ಲೆಕ್ಕ
ಕಾಣಲ್ಲ. ಆ ಬೆಲೆಯ ಮಿಷನ್ನುಗಳ ಎಎನ್‌ಎಸ್‌ಐ ಅಳತೆ ಸಾಮಾನ್ಯವಾಗಿ 100ರಿಂದ 250ರ ಒಳಗೇ. ಡಬ್ಬಿ ಮೇಲಿನ ಬರೀ "ಲುಮೆನ್ಸ್"ಗೆ ಯಾವ ಅಳತೆಯೂ ಇಲ್ಲ, ಬರೆದವರ ಇಷ್ಟ. ಎಎನ್‌ಎಸ್‌ಐ ಅಥವಾ ಐಎಸ್‌ಒ ಲುಮೆನ್ಸ್ ಅಂತ ಬರೆದಿದ್ದರೆ ಮಾತ್ರ ನೋಡಿ. ಸಣ್ಣ ಎಲ್ಇಡಿ ಪ್ರೊಜೆಕ್ಟರು ಪ್ಲಗ್ಗಿಂದ ಎಳೆಯೋದು 60–100 ವಾಟ್, ಅದರಲ್ಲಿ 9000 ಲುಮೆನ್ಸ್ ಹುಟ್ಟೋ ಮಾತೇ ಇಲ್ಲ.

"4ಕೆ ಸಪೋರ್ಟ್" ಅಂದ್ರೆ 4ಕೆ ಫೈಲು ಓದುತ್ತೆ ಅಂತ. ಬಿಡೋದು ಅದರ ನೇಟಿವ್ ರೆಸಲ್ಯೂಷನ್ನಲ್ಲೇ, ಅಂದ್ರೆ ಒಳಗಿನ ಪ್ಯಾನೆಲ್ಲಿನ ನಿಜವಾದ ಪಿಕ್ಸೆಲ್ ಲೆಕ್ಕದಲ್ಲೇ. ಅಗ್ಗದ್ದರಲ್ಲಿ 1280×720, ಕೆಲವಲ್ಲಿ 800×480. ಕೇಳಬೇಕಾದ ಪ್ರಶ್ನೆ "ನೇಟಿವ್ ಎಷ್ಟು?" ಅಷ್ಟೇ. ಪರೀಕ್ಷೆ ಮಾಡೋಕೆ ಲ್ಯಾಪ್‌ಟಾಪ್ ಜೋಡಿಸಿ ಎಕ್ಸೆಲ್ ಹಾಳೆ ತೆರೀರಿ. ನಾಲ್ಕೂ ಮೂಲೆಯ ಸಣ್ಣಕ್ಷರ ಓದೋಕೆ ಆಗಬೇಕು. ಹಾಗೇ ಅರ್ಧ ಗಂಟೆ ಓಡಿಸಿ ಮತ್ತೆ ನೋಡಿ. ಒಳಗೆ ಬಿಸಿಯಾದಾಗ ಪ್ಲಾಸ್ಟಿಕ್ ಲೆನ್ಸಿನ ಫೋಕಸ್ ಜರುಗುತ್ತೆ, ಶುರುವಲ್ಲಿ ಚೂಪಾಗಿದ್ದದ್ದು ಮಂಜಾಗುತ್ತೆ. ಅಂಗಡಿಯ ಐದು ನಿಮಿಷದ ಡೆಮೊದಲ್ಲಿ ಇದು ಗೊತ್ತೇ ಆಗಲ್ಲ.

ನಿಟುವಳ್ಳಿ ಮೇಲ್ಮಹಡಿ
ಇಷ್ಟು ವಿವರಕ್ಕೆ ತುಂಬ ಥ್ಯಾಂಕ್ಸ್. ಸೊಳ್ಳೆ ಪರದೆ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ, ಟಿವಿ ಬೆಳಕು ಕಣ್ಣಿಗೆ ನೇರ ಹೊಡೆಯುತ್ತೆ, ಪ್ರೊಜೆಕ್ಟರದು ಗೋಡೆಗೆ ಬಡಿದು ಬರೋದರಿಂದ ಕಣ್ಣಿಗೆ ಹಿತ ಅಂತಾರೆ. ನಿಜವಾ?

ಪರದೆ ಪ್ರಿಯ
ನಿಜ. ಪುಸ್ತಕ ಓದಿದ ಹಾಗೆ, ಪ್ರತಿಫಲಿಸಿದ ಬೆಳಕು.

ಬೆಳಕಿನ ಮೀಟರು
ಕಣ್ಣಿಗೆ ತಲುಪಿದ ಮೇಲೆ ಬೆಳಕು ಬೆಳಕೇ, ಗೋಡೆಯಿಂದ ಬಂತೋ ಗಾಜಿಂದ ಬಂತೋ ಕಣ್ಣಿಗೆ ತಿಳಿಯಲ್ಲ. ಹಿತ ಅನ್ನಿಸೋದು 300 ನಿಟ್ಸಿನ ಬದಲು 50 ನಿಟ್ಸ್ ನೋಡ್ತಿರೋದರಿಂದ. ಕತ್ತಲ ಕೋಣೇಲಿ ಟಿವಿಯ ಬ್ಯಾಕ್‌ಲೈಟ್ 100ರಲ್ಲೇ ಬಿಟ್ಟು ಕಣ್ಣು ಉರೀತದೆ ಅಂದ್ರೆ ಟಿವಿ ಏನು ಮಾಡೀತು? ಬ್ಯಾಕ್‌ಲೈಟ್ 20–30ಕ್ಕೆ ಇಳಿಸಿ, ಪಿಕ್ಚರ್ ಮೋಡ್ ಸಿನಿಮಾ ಅಥವಾ ಫಿಲ್ಮ್‌ಮೇಕರ್, ಕಲರ್ ಟೆಂಪರೇಚರ್ ವಾರ್ಮ್. "ಬ್ರೈಟ್‌ನೆಸ್" ಅಂತ ಇರೋದನ್ನ ಮುಟ್ಟಬೇಡಿ, ಎಷ್ಟೋ ಟಿವಿಗಳಲ್ಲಿ ಅದು ಕಪ್ಪಿನ ಮಟ್ಟ, ಇಳಿಸಿದರೆ ನೆರಳಿನ ವಿವರ ನುಂಗಿಬಿಡುತ್ತೆ. ಟಿವಿ ಹಿಂದಿನ ಗೋಡೆಗೆ ಬೀಳೋ ಹಾಗೆ ಒಂದು ಮಂದ ದೀಪ ಹಾಕಿದರೆ ಇನ್ನೂ ಆರಾಮ. ಬ್ಯಾಕ್‌ಲೈಟ್ ಇಳಿಸಿದರೆ ಒಳಗಿನ ಎಲ್ಇಡಿ ಪಟ್ಟಿಗಳೂ ಹೆಚ್ಚು ಕಾಲ ಬರ್ತವೆ, ಬಿಸಿ ಕಡಿಮೆ.

ಹೊಂಡದ ಸರ್ಕಲ್
ಸೊಳ್ಳೆ ಪರದೆ ವಿಷಯ ಹೇಳ್ತೀನಿ ಕೇಳಿ. ಪರದೆ ಒಳಗಿಂದ ಟಿವಿ ನೋಡೋದಕ್ಕೆ ತೊಂದರೆ ಇಲ್ಲ, ಕೋಣೆ ದೀಪ ಆರಿಸಿದರೆ ಬಲೆ ಕಾಣೋದೇ ಇಲ್ಲ, ಚಿತ್ರ ಒಂಚೂರು ಮಂದ ಆಗುತ್ತೆ ಅಷ್ಟೆ. ಪ್ರೊಜೆಕ್ಟರ್ ಮಂಚದ ಮೇಲೆ ಅಥವಾ ಹಿಂದೆ ಇದ್ದರೆ ಕಿರಣ ಬಲೆಯ ತುದಿಗೆ ತಾಗುತ್ತೆ. ಬಿಳಿ ಬಲೆ ಅದನ್ನ ಹಿಡಿದು ನಿಮ್ಮ ಮುಖದ ಎದುರೇ ಹೊಳೆಯುತ್ತೆ, ಗೋಡೆ ಮೇಲೂ ಬಲೆಯ ನೆರಳು. ಫ್ಯಾನ್ ಗಾಳಿಗೆ ಬಲೆ ಅಲ್ಲಾಡಿದಂಗೆ ನೆರಳೂ ಅಲ್ಲಾಡುತ್ತೆ. ಇದಕ್ಕೆ ಪರಿಹಾರ ಒಂದೇ, ಮಂಚದ ಪರದೆ ಬಿಟ್ಟು ಕಿಟಕಿ, ವೆಂಟಿಲೇಟರಿಗೆ ವೆಲ್ಕ್ರೊ ಮೆಶ್ ಹಾಕಿಸೋದು. ಬಾಗಿಲಿಗೆ ಮ್ಯಾಗ್ನೆಟ್ ಪರದೆ. ಅದು ಹೆಂಗಿದ್ರೂ ಮಾಡಿಸೋದು ಒಳ್ಳೇದು.

ಜೋಗಿಮಟ್ಟಿ ಗಾಳಿ
ಬಿಸಿ ಬಗ್ಗೆ ಯಾರೂ ಎತ್ತಲಿಲ್ಲ ಅಂತ ಆಶ್ಚರ್ಯ. ಮ್ಯಾನ್ಯುಯಲ್ ತೆಗೆದು ನೋಡಿ, ಬಹಳಷ್ಟು ಪ್ರೊಜೆಕ್ಟರುಗಳ ಕೆಲಸದ ಉಷ್ಣತೆ 35 ಡಿಗ್ರಿವರೆಗೆ, ಕೆಲವು 40. ಮೇಲ್ಮಹಡಿಯ ಆರ್‌ಸಿಸಿ ಹಗಲೆಲ್ಲಾ ಕಾದು ರಾತ್ರಿ 10–11ರವರೆಗೂ ಬಿಸಿ ಉಗುಳ್ತಿರುತ್ತೆ. ಕೋಣೆಯಲ್ಲಿ ಬಿಸಿ ಗಾಳಿ ಮೇಲೇ ಸೇರೋದು. ಅಲ್ಲೇ ನೀವು ಪ್ರೊಜೆಕ್ಟರ್ ನೇತುಹಾಕ್ತೀರಿ. ಬೇಸಿಗೇಲಿ ಅದು ಏನು ಮಾಡುತ್ತೆ ಅಂದ್ರೆ, ಮೊದಲು ಒಳಗಿನ ಫ್ಯಾನು ಜೋರಾಗುತ್ತೆ, ಆಮೇಲೆ ತಾನೇ ಬೆಳಕು ಇಳಿಸಿಕೊಳ್ಳುತ್ತೆ, ಅದೂ ಸಾಲದಿದ್ರೆ ಆಫ್. ಆ ಸದ್ದು ಮಂಚದ ಮೇಲೇ. ಟಿವಿಗೆ ಫ್ಯಾನೇ ಇಲ್ಲ, ಹಿಂದೆ ಎರಡು ಬೆರಳು ಜಾಗ ಬಿಟ್ಟರೆ ಸಾಕು.

ಧೂಳೂ ಹಂಗೇ. ನಮ್ಮ ಚಿತ್ರದುರ್ಗದ ಕಡೆ ಬೀಸೋ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆಲ್ಲಾ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಅಗ್ಗದ ಎಲ್‌ಸಿಡಿ ಪ್ರೊಜೆಕ್ಟರಲ್ಲಿ ಬೆಳಕಿನ ದಾರಿ ಮುಚ್ಚಿರೋದಿಲ್ಲ, ಒಂದು ಕಣ ಪ್ಯಾನೆಲ್ ಮೇಲೆ ಕೂತ್ರೆ ಗೋಡೆ ಮೇಲೆ ಬೂದು ಮಚ್ಚೆ. ಹೊರಗಿಂದ ಒರೆಸಿದರೆ ಹೋಗಲ್ಲ, ಬಿಚ್ಚಲೇಬೇಕು. ತಗೊಳ್ಳೋದಾದ್ರೆ "ಸೀಲ್ಡ್ ಆಪ್ಟಿಕಲ್ ಎಂಜಿನ್" ಇರೋದೇ ನೋಡಿ. ಫಿಲ್ಟರ್ ಇದ್ದರೆ ಜನವರಿಯಿಂದ ಮೇವರೆಗೆ 15 ದಿನಕ್ಕೊಮ್ಮೆ ತೆಗೆದು ಬ್ಲೋವರಲ್ಲಿ ಊದಿ. ಊದುವಾಗ ಒಳಗಿನ ಫ್ಯಾನಿನ ರೆಕ್ಕೆ ಕಡ್ಡಿಯಿಂದ ಹಿಡಿದುಕೊಳ್ಳಿ, ಗಾಳಿಗೆ ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳು.

ಮಂಡಕ್ಕಿ ಭಟ್ಟಿ ಹಿಂದೆ
ದಾವಣಗೆರೇಲಿ ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಿಗೆ ಇನ್ನೊಂದು ಸಮಸ್ಯೆ ಸೇರಿಸಿಕೊಳ್ಳಿ. ಹೊಗೆಯ ಮಸಿ ಜಿಡ್ಡಿರುತ್ತೆ, ಬ್ಲೋವರಿಗೆ ಹಾರಲ್ಲ. ಸ್ಪಂಜಿನ ಫಿಲ್ಟರಾದರೆ ಉಗುರುಬೆಚ್ಚಗಿನ ಸೋಪು ನೀರಲ್ಲಿ ಅದ್ದಿ, ಹಿಂಡದೆ ಒತ್ತಿ, ನೆರಳಲ್ಲಿ ಒಂದು ದಿನ ಪೂರ್ತಿ ಒಣಗಿಸಿ ಹಾಕಿ. ಕಾಗದದ ಫಿಲ್ಟರಾದರೆ ತೊಳೆಯಂಗಿಲ್ಲ, ಬದಲಾಯಿಸೋದೇ. ಲೆನ್ಸಿಗೆ ಗಾಜು ಒರೆಸೋ ನೀಲಿ ದ್ರಾವಣ ಹಾಕ್ಬೇಡಿ, ಮೇಲಿನ ಲೇಪ ಹೋಗುತ್ತೆ. ಟಿವಿ ಪರದೆಗೂ ಅದೇ ಮಾತು. ಒಣ ಮೈಕ್ರೊಫೈಬರ್, ಬೇಕಾದ್ರೆ ಬಟ್ಟೆಗೆ ಎರಡು ಹನಿ ನೀರು.

ಕೋಟೆ ಬೀದಿ
ಎಲ್ಲರೂ ಆರ್‌ಸಿಸಿ ಮನೆ ಲೆಕ್ಕವೇ ಹಾಕ್ತಿದ್ದೀರಿ. ಚಿತ್ರದುರ್ಗದ ಕೋಟೆ ಕೆಳಗಿನ ಹಳೇ ಮಣ್ಣಿನ ಮಾಳಿಗೆ ಮನೆಗಳಿಗೆ ಪ್ರೊಜೆಕ್ಟರ್ ಹೇಳಿ ಮಾಡಿಸಿದ್ದು ಕಣ್ರಿ. ದಪ್ಪ ಗೋಡೆ, ಸಣ್ಣ ಕಿಟಕಿ, ಹಗಲಲ್ಲೂ ಒಳಗೆ ಮಬ್ಬು, ಬೇಸಿಗೇಲೂ ತಂಪು. ಬಿಸಿ, ಬೆಳಕು ಎರಡೂ ತೊಂದರೆ ಅಲ್ಲಿ ಇಲ್ಲ. ಮಣ್ಣು ಗೋಡೆಗೆ 12–15 ಕೆಜಿ ಟಿವಿ ನೇತುಹಾಕೋದೇ ಅಪಾಯ, ಗಟ್ಟಿ ಹಿಡಿಯಲ್ಲ, ಬೋಲ್ಟ್ ಸಮೇತ ಮಣ್ಣು ಕಿತ್ತು ಬರುತ್ತೆ. ಒಂದು ಸ್ಟ್ಯಾಂಡ್ ಮೇಲೆ ಪ್ರೊಜೆಕ್ಟರು, ಎದುರಿಗೆ ಭೂಪಟದ ಥರ ಸುತ್ತೋ ಪರದೆ ತೊಲೆಗೆ ಹುಕ್ ಹಾಕಿ ತೂಗುಬಿಟ್ಟರೆ ಕೆಲಸ ಮುಗೀತು.

ಜೋಗಿಮಟ್ಟಿ ಗಾಳಿ
ಒಪ್ಪಿದೆ. ಮಾಳಿಗೆಯಿಂದ ಮಣ್ಣು ಉದುರುತ್ತಲ್ಲ, ಅದಕ್ಕೆ ಆಫ್ ಮಾಡಿ ತಣ್ಣಗಾದ ಮೇಲೆ ಬಟ್ಟೆ ಮುಚ್ಚಿ. ಬಿಸಿ ಇರುವಾಗ ಮುಚ್ಚಬೇಡಿ.

ಹದಡಿ ರಸ್ತೆ
ಅವರು ಕೇಳಿದ್ದು ನಿಟುವಳ್ಳಿ ಆರ್‌ಸಿಸಿ ಮನೆಗೆ. ಮಾಳಿಗೆ ಮನೆಗೆ ಬೇರೆ ಚರ್ಚೆ ಶುರು ಮಾಡಿ.

ಪರದೆ ಪ್ರಿಯ
ಹಾಗಾದ್ರೆ ಕತ್ತಲು ಮಾಡಿ! ಬ್ಲ್ಯಾಕ್‌ಔಟ್ ಬಟ್ಟೆಯ ಪರದೆ, ಕಿಟಕಿಗಿಂತ ಎರಡೂ ಕಡೆ ಅರ್ಧ ಅಡಿ ಹೆಚ್ಚು ಅಗಲ, ರಾಡು ಗೋಡೆಗೆ ಹತ್ತಿರ. ವೆಂಟಿಲೇಟರಿಗೆ ಕಪ್ಪು ಡ್ರಾಯಿಂಗ್ ಶೀಟ್. ಗೋಡೆಗೆ ಎರಡು ಕೋಟ್ ಪುಟ್ಟಿ, 220ರ ಉಪ್ಪುಕಾಗದ, ಮೇಲೆ ಮ್ಯಾಟ್ ಬಿಳಿ ಎಮಲ್ಷನ್. ಹೊಳಪಿನ ಪೇಂಟ್ ಬೇಡ, ನಡುವೆ ಬೆಳಕಿನ ಉಂಡೆ ಕಾಣುತ್ತೆ. ಕೆನೆ ಬಣ್ಣ ಹಾಗೇ ಬಿಟ್ಟರೆ ಮುಖವೆಲ್ಲಾ ಹಳದಿ. ಚಿತ್ರದ ಸುತ್ತ 3–4 ಇಂಚು ಕಪ್ಪು ವೆಲ್ವೆಟ್ ಪಟ್ಟಿ ಅಂಟಿಸಿ, ಕಾಂಟ್ರಾಸ್ಟ್ ಕಣ್ಣಿಗೇ ಗೊತ್ತಾಗುತ್ತೆ.

ಬೆಳಕಿನ ಮೀಟರು
ಗೋಡೆ ಕೆಲಸದ ಮಾಹಿತಿ ಪೂರ್ತಿ ಸರಿ ಇದೆ. ಆದರೆ ಮೇ ತಿಂಗಳ ಸಂಜೆ 4ಕ್ಕೆ ಎಸಿ ಇಲ್ಲದ ಮೇಲ್ಮಹಡೀಲಿ ಕಿಟಕಿ, ವೆಂಟಿಲೇಟರ್ ಎಲ್ಲಾ ಮುಚ್ಚಿ ಮೂರೂವರೆ ಗಂಟೆ ಮ್ಯಾಚ್ ನೋಡೋಕೆ ಆಗಲ್ಲ. ಆ ಕೋಣೆಯಲ್ಲಿ ಕತ್ತಲೂ ಗಾಳಿಯೂ ಒಟ್ಟಿಗೆ ಸಿಗಲ್ಲ.

ಬೆಸ್ಕಾಂ ಬಿಲ್ಲು
ಕರೆಂಟ್ ಲೆಕ್ಕ. 55 ಇಂಚಿನ ಟಿವಿ 100 ವಾಟ್ ಅಂತ ಇಟ್ಟುಕೊಳ್ಳಿ, ದಿನಕ್ಕೆ 3 ಗಂಟೆ, ತಿಂಗಳಿಗೆ 9 ಯೂನಿಟ್. ಸಣ್ಣ ಎಲ್ಇಡಿ ಪ್ರೊಜೆಕ್ಟರೂ ಅಷ್ಟೇ. ಕೋಚಿಂಗ್ ಸೆಂಟರು, ಆಫೀಸಿಂದ ಬರೋ ಹಳೇ ಲ್ಯಾಂಪ್ ಪ್ರೊಜೆಕ್ಟರ್ 300 ವಾಟ್, ತಿಂಗಳಿಗೆ 27 ಯೂನಿಟ್. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ಟಿನ ಅಂಚಲ್ಲಿ ಇದ್ದರೆ ಹೆಚ್ಚಾದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತೆ. ಬೇಸಿಗೇಲಿ ಕೂಲರ್ ಓಡೋ ಮನೆಗೆ 27 ಯೂನಿಟ್ ಸಣ್ಣದಲ್ಲ.

ಪಿಜೆ ಬಡಾವಣೆ
ಆ ಸೆಕೆಂಡ್ ಹ್ಯಾಂಡ್ ಲ್ಯಾಂಪ್ ಪ್ರೊಜೆಕ್ಟರಲ್ಲಿ 3000 ನಿಜವಾದ ಲುಮೆನ್ಸ್ ಇರುತ್ತಲ್ವಾ? ಹಗಲಿಗೆ ಅದೇ ಆಗಬಹುದು.

ಥ್ರೋ ಲೆಕ್ಕ
ಹೊಸದಿದ್ದಾಗ 3000. ಲ್ಯಾಂಪಿನ ಆಯಸ್ಸು 3000–5000 ಗಂಟೆ, ಅಷ್ಟರಲ್ಲಿ ಬೆಳಕು ಅರ್ಧಕ್ಕೆ ಇಳಿದಿರುತ್ತೆ. ತಗೊಳ್ಳೋ ಮುಂಚೆ ಮೆನುವಿನಲ್ಲಿ ಲ್ಯಾಂಪ್ ಅವರ್ಸ್ ನೋಡಿ. ರೀಸೆಟ್ ಮಾಡಿ ಸೊನ್ನೆ ತೋರಿಸೋರೂ ಇದ್ದಾರೆ, ಹಾಗಾಗಿ ಬಿಳಿ ಹಾಳೆ ಬಿಟ್ಟು ಹಳದಿ ತಿರುಗಿದೆಯಾ, ಮಿಣುಕುತ್ತಾ ಅಂತಾನೂ ನೋಡಿ. ಆಫೀಸಿನವು ಹೆಚ್ಚಿನವು 1024×768, ಅಂದ್ರೆ 4:3. ಅದರಲ್ಲಿ ಸಿನಿಮಾ ಹಾಕಿದ್ರೆ ಮೇಲೆ ಕೆಳಗೆ ಕಪ್ಪು ಪಟ್ಟಿ, ಉಳಿಯೋದು 1024×576. ಜೊತೆಗೆ ಕರೆಂಟ್ ಹೋದ್ರೆ ಲ್ಯಾಂಪ್ ತಣ್ಣಗಾಗೋ ಮುಂಚೆ ಫ್ಯಾನ್ ನಿಲ್ಲುತ್ತೆ. ಪದೇ ಪದೇ ಹಂಗಾದ್ರೆ ಲ್ಯಾಂಪ್ ಬೇಗ ಹೋಗುತ್ತೆ. ಎಲ್ಇಡಿ, ಲೇಸರಲ್ಲಿ ಆ ಭಯ ಕಡಿಮೆ, 20,000 ಗಂಟೆ ಮೇಲೆ ಹೇಳ್ತಾರೆ.

ವೈರಿಂಗ್ ಕೆಲಸ
ಕರೆಂಟ್ ಮಾತು ಬಂತಲ್ಲ, ಇದು ಟಿವಿ ತಗೊಳ್ಳೋರಿಗೂ ಅನ್ವಯ. ಈಗಿನ ಟಿವಿಗಳ ಒಳಗಿನ ಪವರ್ ಸಪ್ಲೈ 100–240 ವೋಲ್ಟ್ ತಡೀತವೆ, ಸ್ಟೆಬಿಲೈಜರ್ ಬೇಡ. ಸುಡೋದು ಎರಡು ಕಾರಣಕ್ಕೆ. ಒಂದು, ಕಂಬದಲ್ಲಿ ನ್ಯೂಟ್ರಲ್ ಕಡಿದು ಮನೆಗೆ 400ರ ಹತ್ತಿರ ನುಗ್ಗೋದು. 300 ರೂಪಾಯಿ ಸ್ಪೈಕ್ ಗಾರ್ಡು ಇದನ್ನ ತಡೆಯಲ್ಲ, ಅದಿರೋದು ಕ್ಷಣದ ಏರಿಳಿತಕ್ಕೆ. ಮೇನ್ ಬೋರ್ಡಲ್ಲಿ ಓವರ್-ಅಂಡರ್ ವೋಲ್ಟೇಜ್ ಕಟ್‌ಆಫ್ ಹಾಕಿಸಿ. ಎರಡು, ಗುಡುಗು. ಏಪ್ರಿಲ್-ಮೇ ಸಂಜೆ ಮಳೆಗೆ ಕೇಬಲ್ ಅಥವಾ ಡಿಶ್ ತಂತಿ ಹಿಡಿದು ಬಂದ ಹೊಡೆತ ಸೆಟ್‌ಟಾಪ್ ಬಾಕ್ಸ್ ದಾಟಿ ಎಚ್‌ಡಿಎಂಐ ಪೋರ್ಟ್ ಸುಡುತ್ತೆ. ಗುಡುಗು ಶುರುವಾಗೋ ಮುಂಚೆಯೇ ಪ್ಲಗ್ಗು ಕೀಳಿ, ಅದಷ್ಟೇ ಸಾಲದು, ಡಿಶ್ ವೈರೂ ಬಿಚ್ಚಿ; ಗುಡುಗುವಾಗ ವೈರು ಮುಟ್ಟಬೇಡಿ.

ಹಲ್ಲಿ ಇನ್ನೊಂದು ಕಾರಣ. ಬಿಸಿ ಇರೋ ಜಾಗಕ್ಕೆ ಒಳಗೆ ಹೋಗಿ ಬೋರ್ಡ್ ಶಾರ್ಟ್ ಮಾಡ್ತವೆ. ಗಾಳಿ ಕಿಂಡಿ ಪೂರ್ತಿ ಮುಚ್ಚಬೇಡಿ, ಬೇಕಿದ್ರೆ ಸಣ್ಣ ಕಣ್ಣಿನ ನೈಲಾನ್ ಮೆಶ್ ಅಂಟಿಸಿ. ವಾರಂಟಿ ಸ್ಟಿಕ್ಕರ್ ಮೇಲೆ ಅಂಟಿಸಬೇಡಿ.

ಧಾರಾವಾಹಿ ಅಕ್ಕ
ಅತ್ತೆಯವರಿಗೆ ಧಾರಾವಾಹಿ ಅಂದ್ರಲ್ಲ, ಅದನ್ನೂ ಯೋಚಿಸಿ. ಟಿವಿಯಾದ್ರೆ ಒಂದು ರಿಮೋಟು, ಒಂದು ಬಟನ್ನು. ಪ್ರೊಜೆಕ್ಟರಿಗೆ ಮೊದಲು ಅದು, ಆಮೇಲೆ ಸೆಟ್‌ಟಾಪ್ ಬಾಕ್ಸು, ಆಮೇಲೆ ಸ್ಪೀಕರು, ಕೊನೆಗೆ ಕಿಟಕಿ ಪರದೆ ಎಳೆಯೋದು. ಹಿರಿಯರು ರಾತ್ರಿ ಎದ್ದು ಕಿರಣಕ್ಕೆ ಅಡ್ಡ ಬಂದ್ರೆ ಬೆಳಕು ನೇರ ಕಣ್ಣಿಗೆ. ಚಿಕ್ಕ ಮಕ್ಕಳಂತೂ ಲೆನ್ಸೊಳಗೇ ಬಗ್ಗಿ ನೋಡ್ತವೆ, ಲೇಸರ್ ಇದ್ದರೆ ಅದು ಸುಮ್ನೆ ಬಿಡೋ ವಿಷಯ ಅಲ್ಲ.

ಧ್ವನಿ ಇನ್ನೊಂದು. ಪ್ರೊಜೆಕ್ಟರ್ ಸ್ಪೀಕರು ತಲೆ ಮೇಲೆ, ಚಿತ್ರ ಎದುರಿಗೆ. ಮಾತಾಡೋರು ಅಲ್ಲಿ, ದನಿ ಇಲ್ಲಿ. ಬ್ಲೂಟೂತ್ ಸ್ಪೀಕರನ್ನ ಗೋಡೆ ಕಡೆ ಇಟ್ಟರೆ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪಬಹುದು. 3.5 ಎಂಎಂ ತಂತಿ ಎಳೆದರೆ ಸರಿಹೋಗುತ್ತೆ.

ಪರದೆ ಪ್ರಿಯ
ಅಕ್ಕ ಹೇಳಿದ ಧ್ವನಿ ವಿಷಯ ಸತ್ಯ, ತಂತಿಯೇ ಒಳ್ಳೇದು. ಆದರೂ ರಾತ್ರಿ ಕತ್ತಲಲ್ಲಿ 100 ಇಂಚಿನ ಚಿತ್ರ ಕೊಡೋ ಅನುಭವ 55 ಇಂಚಿನ ಟಿವಿ ಕೊಡೋದಿಲ್ಲ. ಈ ಮಾತಿಂದ ನಾನು ಹಿಂದೆ ಸರಿಯಲ್ಲ.

ಹೊಂಡದ ಸರ್ಕಲ್
ಒಟಿಟಿ ಬಗ್ಗೆ ಒಂದು ಮಾತು. ಅಗ್ಗದ ಆಂಡ್ರಾಯ್ಡ್ ಪ್ರೊಜೆಕ್ಟರುಗಳಿಗೆ ವೈಡ್‌ವೈನ್ ಎಲ್1 (ಎಚ್‌ಡಿ ತೋರಿಸೋಕೆ ಆಪ್‌ಗಳು ಕೇಳೋ ನಕಲು-ತಡೆ ಭದ್ರತೆ) ಇರಲ್ಲ. ಆಪ್ ತೆರೆದುಕೊಂಡರೂ ಎಚ್‌ಡಿ ಬರಲ್ಲ, 480ರ ಮಂಜು ಚಿತ್ರ 100 ಇಂಚಿಗೆ ಹಿಗ್ಗುತ್ತೆ. ನೆಟ್‌ಫ್ಲಿಕ್ಸ್ ಕೆಲವದರಲ್ಲಿ ತೆರೆಯೋದೇ ಇಲ್ಲ. ಎಚ್‌ಡಿಎಂಐಗೆ ಚುಚ್ಚೋ ಸ್ಟ್ರೀಮಿಂಗ್ ಸ್ಟಿಕ್ ಬೇರೆ ತಗೋಬೇಕು, ಅದರ ದುಡ್ಡೂ ಬಜೆಟ್ಟಿಗೆ ಸೇರಿಸಿ. ಸ್ಟಿಕ್ಕಿಗೆ ಪ್ರೊಜೆಕ್ಟರಿನ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ, ಸಾಲದೆ ಆಗಾಗ ರೀಸ್ಟಾರ್ಟ್ ಆಗುತ್ತೆ, ಅದರ ಅಡಾಪ್ಟರೇ ಹಾಕಿ.

ನಿಟುವಳ್ಳಿ ಮೇಲ್ಮಹಡಿ
ಎಲ್ಲಾ ಓದಿದೆ. ಫ್ಯಾನು ತೆಗೆಯೋ ಹಾಗಿಲ್ಲ, ಮಧ್ಯಾಹ್ನ ಕಿಟಕಿ ಮುಚ್ಚೋ ಹಾಗಿಲ್ಲ. ಹಾಗಾಗಿ ಟಿವಿ ಅಂತ ತೀರ್ಮಾನ. 43 ಬಿಟ್ಟು 55 ನೋಡ್ತೀನಿ. ಗೋಡೆ ಸಿಮೆಂಟ್ ಹಾಲೋ ಬ್ಲಾಕಿನದು. ಎಷ್ಟು ಎತ್ತರಕ್ಕೆ, ಯಾವ ಬೋಲ್ಟು?

ಹದಡಿ ರಸ್ತೆ
55 ಸರಿಯಾದ ಆಯ್ಕೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಹಳೇ ಬೆಲೆ ಪಟ್ಟಿ ತೋರಿಸಿದರೆ ಒಪ್ಪಬೇಡಿ. ಬಜೆಟ್ಟಲ್ಲಿ ಒಳ್ಳೆ 55 ಸಿಗದಿದ್ರೆ ಹೆಸರಿಲ್ಲದ 55ಕ್ಕಿಂತ ಊರಲ್ಲೇ ಸರ್ವಿಸ್ ಇರೋ 50 ತಗೊಳ್ಳಿ. ಪ್ಯಾನೆಲ್ ಒಡೆದರೆ ಹೊಸ ಟಿವಿಯ ಹತ್ತಿರ ಖರ್ಚು ಬರುತ್ತೆ, ಬ್ಯಾಕ್‌ಲೈಟ್ ಪಟ್ಟಿ ಹೋದ್ರೆ ಅದಕ್ಕಿಂತ ಎಷ್ಟೋ ಕಡಿಮೇಲಿ ಮುಗಿಯುತ್ತೆ.

ವೈರಿಂಗ್ ಕೆಲಸ
ಎತ್ತರ: ಮಂಚದ ಮೇಲೆ ನೀವು ಯಾವಾಗಲೂ ಒರಗೋ ಹಾಗೆ ಒರಗಿ, ಎದುರು ಗೋಡೆ ನೋಡಿ ಕಣ್ಣು ಸಹಜವಾಗಿ ನಿಲ್ಲೋ ಕಡೆ ಒಬ್ಬರಿಂದ ಪೆನ್ಸಿಲ್ ಗುರುತು ಹಾಕಿಸಿ. ಅದು ಟಿವಿಯ ನಡುಭಾಗ. ಸಾಮಾನ್ಯವಾಗಿ ನೆಲದಿಂದ ನಾಲ್ಕೂವರೆಯಿಂದ ಐದು ಅಡಿ ಬರುತ್ತೆ, ಹಾಲಿನ ಟಿವಿಗಿಂತ ಒಂದಡಿ ಮೇಲೆ. ಕೆಳಕ್ಕೆ ಬಾಗೋ ಟಿಲ್ಟ್ ಬ್ರಾಕೆಟ್ ತಗೊಳ್ಳಿ, ಎಲ್‌ಸಿಡಿ ಪರದೆ ಕೆಳಗಿಂದ ನೋಡಿದ್ರೆ ಬಣ್ಣ ಬಿಳಿಚುತ್ತೆ. ಟಿವಿ ಹಿಂದಿನ ನಾಲ್ಕು ತೂತಿನ ವೆಸಾ ಅಳತೆ ಮೊದಲು ಅಳೆದು ಬ್ರಾಕೆಟ್ ತನ್ನಿ.

ಹಾಲೋ ಬ್ಲಾಕಿಗೆ ಸಾಮಾನ್ಯ ರಾಲ್ ಪ್ಲಗ್ ಬೇಡ, ಒಳಗೆ ಟೊಳ್ಳಲ್ಲಿ ತಿರುಗಿ ಸಡಿಲ ಆಗುತ್ತೆ. ಉದ್ದದ ನೈಲಾನ್ ಫ್ರೇಮ್ ಫಿಕ್ಸಿಂಗ್, ಇಲ್ಲಾ ಟೊಳ್ಳು ಗೋಡೆಗೆ ಅಂತಲೇ ಬರೋ ಜಾಲರಿ ತೋಳಿನ ಕೆಮಿಕಲ್ ಆಂಕರ್. ಡ್ರಿಲ್ಲಲ್ಲಿ ಹ್ಯಾಮರ್ ಮೋಡ್ ಆಫ್ ಮಾಡಿ ಕೊರೀರಿ, ಹ್ಯಾಮರಿಗೆ ಬ್ಲಾಕಿನ ಒಳಗೋಡೆ ಒಡೆದು ಹಿಡಿತ ಹೋಗುತ್ತೆ. ಬ್ಲಾಕಿನ ಸಂದಿಯ ಗಾರೆಗೆ ಬೋಲ್ಟ್ ಬೀಳೋ ಹಾಗೆ ಗುರುತು ಹಾಕಬೇಡಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೆಯಬೇಡಿ, ಪೈಪು ಅಲ್ಲೇ ಇಳಿದಿರುತ್ತೆ.

ಗಾರೆ ಕೆಲಸ ಇನ್ನೂ ಬಾಕಿ ಇದ್ರೆ ಟಿವಿ ಹಿಂದಿಂದ ಕೆಳಗಿನ ಬೋರ್ಡಿಗೆ ಒಂದು 32 ಎಂಎಂ ಖಾಲಿ ಪೈಪ್ ಹಾಕಿಸಿಬಿಡಿ, ಒಳಗೆ ಎಳೆಯೋ ದಾರ ಬಿಟ್ಟು. 19 ಎಂಎಂ ಪೈಪಲ್ಲಿ ಎಚ್‌ಡಿಎಂಐ ತಲೆ ಹೋಗಲ್ಲ, 25ರಲ್ಲಿ ಎಲ್ಬೋ ಇದ್ರೆ ಸಿಕ್ಕಿಕೊಳ್ಳುತ್ತೆ. ತಿರುವಿಗೆ ಎಲ್ಬೋ ಬದಲು ಲಾಂಗ್ ಬೆಂಡ್ ಹಾಕಿ.

ನಿಟುವಳ್ಳಿ ಮೇಲ್ಮಹಡಿ
ಗೋಡೆ ಮುಗಿದಿದೆ, ಹೊರಗಿಂದ ಕೇಸಿಂಗ್ ಪಟ್ಟಿಯೇ ಗತಿ. 25×16 ಎಂಎಂ ಸಾಕಾಗುತ್ತಾ?

ವೈರಿಂಗ್ ಕೆಲಸ
ಪವರ್ ವೈರು, ಎಚ್‌ಡಿಎಂಐ, ಕೇಬಲ್ ವೈರು ಮೂರೂ ಒಂದರಲ್ಲೇ ತುರುಕಬೇಡಿ. ಪವರಿಗೆ ಬೇರೆ 20×12, ಉಳಿದೆರಡಕ್ಕೆ 25×16 ಸಾಕು. ಮುಚ್ಚಳ ತೆಗೆದು ವೈರ್ ಕೂರಿಸೋ ಪಟ್ಟಿ ಅದು, ಎಚ್‌ಡಿಎಂಐ ತಲೆ ಅದರೊಳಗೆ ಹಾಯಬೇಕಿಲ್ಲ. ಎರಡು ಪಟ್ಟಿ ನಡುವೆ ಒಂದಿಂಚು ಬಿಡಿ.